ಪೇಟೆಯ ಗುಂಡಿಗೆ ಕೋಡಿ ಬಿದ್ದದ್ದು

ತುಮಕೂರಿನ ಪೇಟೆ ನಡುವೆ ನಾನೊಂದು ಗುಂಡಿ ತೋಡಿಸಿದೆ. ಹೀಗೆ ಹೇಳಿದರೆ ನನ್ನ ಜತೆ ಓದಿದವರು ಮುಖ ಸಿಂಡರಿಸುತ್ತಾರೆ. ಅವರ ಪ್ರಕಾರ ಅದು ಮಳೆನೀರಿನ ತೋಟ, ಸಾರ್ವಜನಿಕ ಬಯಲು, ಇನ್ನೂ ಏನೇನೋ. ನಕ್ಷೆಯ ತಲೆಯ ಮೇಲೆ ನಾನೂ ಅಂಥದೇ ಒಂದು ದೊಡ್ಡ ಹೆಸರು ಬರೆದಿದ್ದೆ. ಮಂಡಿಪೇಟೆಯ ಜನ ಮಾತ್ರ ಜೆಸಿಬಿ ಬಂದ ದಿನವೇ ಅದಕ್ಕೆ ಗುಂಡಿ ಎಂದು ನಾಮಕರಣ ಮಾಡಿ ಮುಗಿಸಿದರು. ಸೈಟಿನಲ್ಲಿ ನಾನು ನಗುನಗುತ್ತಲೇ ಇದ್ದೆ. ಉಪ್ಪಾರಹಳ್ಳಿಯ ಮನೆಗೆ ಬಂದ ಮೇಲೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು, ಏನು ಮಾಡಲಿ?

ಖಾಲಿ ಜಾಗದಲ್ಲಿ ಜನ ಕೂರುವಂತೆ, ನಡೆಯುವಂತೆ, ನೆರಳು ಬೀಳುವಂತೆ, ನೀರು ಹೋಗುವಂತೆ ನೆಲವನ್ನು ಹೊಂದಿಸುವುದು ನನ್ನ ಕೆಲಸ. ಇದಕ್ಕೂ ಒಂದು ಓದು ಇದೆ ಎಂದರೆ ನೆಂಟರು ಇವತ್ತಿಗೂ ನಂಬುವುದಿಲ್ಲ. “ಗಾರ್ಡನ್ ಕೆಲಸ ತಾನೆ?” ಎನ್ನುತ್ತಾರೆ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮಾಡುತ್ತಿದ್ದ ನನ್ನ ಗಂಡ ಒಬ್ಬರೇ ಅದನ್ನು “ನೆಲ ನೋಡೋ ಕೆಲ್ಸ” ಎಂದು ಗೌರವದಿಂದ ಹೇಳುತ್ತಿದ್ದರು. ಪೇಟೆಯ ಈ ಕೆಲಸ ನನ್ನ ಕೈಗೆ ಬರುವಷ್ಟರಲ್ಲಿ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆಮೇಲೆ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯುವವರು ಕಡಿಮೆಯಾದರು. ಕರೆದರೂ ನಾನು ಹೋಗುತ್ತಿರಲಿಲ್ಲ. ಗೌರಿ ಹಬ್ಬದ ದಿನ ಆಫೀಸಿನ ಬೀಗ ತೆಗೆದು ಒಬ್ಬಳೇ ನಕ್ಷೆ ಹರಡಿಕೊಂಡು ಕೂರುವುದು ರೂಢಿಯಾಗಿತ್ತು. ಕಣ್ಣೀರು ಹಾಕುವ ಜಾಯಮಾನ ನನ್ನದಲ್ಲ, ಆದರೂ ಆ ದಿನ ಬೀದಿಯಲ್ಲಿ ಬಳೆ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ.

ನನಗೆ ಸಿಕ್ಕಿದ್ದು ಹಳೆಯ ಗೋಡೌನೊಂದನ್ನು ಕೆಡವಿದ ಜಾಗ. ಸುತ್ತ ಕೊಬ್ಬರಿ ಮಂಡಿಗಳು, ಬೇಳೆ ಅಂಗಡಿಗಳು, ಬ್ಯಾಂಕು, ಜೆರಾಕ್ಸು, ಅವುಗಳ ತಲೆಯ ಮೇಲೆ ಟ್ಯೂಷನ್ ಸೆಂಟರುಗಳು. ಒಂದು ತುಳಸಿ ಗಿಡ ಊರುವಷ್ಟೂ ಮಣ್ಣು ಕಾಣದ ಕಡೆ ಅದೊಂದೇ ಬಯಲು. ಜೋರು ಮಳೆ ಬಂದರೆ ಅಷ್ಟೂ ತಾರಸಿಗಳ ನೀರು ಬೀದಿಗೆ ಸುರಿದು, ಮಂಡಿಗಳ ಹೊಸಿಲು ದಾಟಿ ಚೀಲಗಳ ಬುಡಕ್ಕೆ ಬರುತ್ತಿತ್ತು. ಪ್ರತಿ ವರ್ಷ ಬೈಯುತ್ತ ನೀರು ಎತ್ತಿ ಹಾಕುವುದು ಅಲ್ಲಿನವರಿಗೆ ಅಭ್ಯಾಸವಾಗಿ ಹೋಗಿತ್ತು.

ಹಾಗಾಗಿ ನಾನು ನೆಲವನ್ನು ಎತ್ತರಿಸುವ ಬದಲು ತಗ್ಗಿಸಿದೆ. ನಾಲ್ಕೂ ಕಡೆ ಕೂರಲು ಅಗಲವಾದ ಕಲ್ಲಿನ ಮೆಟ್ಟಿಲು, ಅಂಚಿನಲ್ಲಿ ಹೊಂಗೆ ಸಸಿಗಳು, ತಳದಲ್ಲಿ ಜಲ್ಲಿ, ಮರಳು, ಮೇಲೆ ಮಣ್ಣು, ಆ ಮಣ್ಣಿನಲ್ಲಿ ಲಾವಂಚ ಮತ್ತು ಗರಿಕೆ. ಬಿಸಿಲಿನ ದಿನಗಳಲ್ಲಿ ಜನ ಇಳಿದು ಕೂರಬೇಕು, ಮಳೆ ಬಂದರೆ ಸುತ್ತಲ ತಾರಸಿಗಳ ನೀರು ಅಲ್ಲಿಗೆ ಇಳಿದು, ಒಂದೆರಡು ದಿನದಲ್ಲಿ ನೆಲದೊಳಗೆ ಇಂಗಿ ಹೋಗಬೇಕು. ತುಂಬಿ ಹೆಚ್ಚಾದರೆ? ಒಂದು ಮೂಲೆಯಲ್ಲಿ ಉದ್ದನೆಯ ಒಂದೇ ಕಲ್ಲಿನ ಚಪ್ಪಡಿಯನ್ನು ಗೇಣುದ್ದ ತಗ್ಗಾಗಿ ಕೂರಿಸಿದ್ದೆ. ನೀರು ಅದರ ಮೇಲೆ ಹಾದು ಅಮಾನಿಕೆರೆಯ ಕಡೆ ಹೋಗುವ ದೊಡ್ಡ ಮೋರಿಗೆ ಬೀಳಬೇಕು. ಕುಣಿಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಯಾರೋ ನನ್ನ ಹಿಂದೆಯೇ ಹೇಳಿ ನಕ್ಕರು. ನೆಲವನ್ನು ಡೊಂಕು ಮಾಡಿಸಿದವಳೇ ನಾನು ಎಂದು ತಿರುಗಿ ಹೇಳಿದೆ.

ಎಲ್ಲರಿಗಿಂತ ಜೋರು ಬಾಯಿ ಎದುರಿನ ಕೊಬ್ಬರಿ ಮಂಡಿಯ ಯಜಮಾನರದು. ಗುಬ್ಬಿ ಕಡೆಯ ಹಳ್ಳಿಯವರು. ಊರಿನಲ್ಲಿ ತೆಂಗಿನ ತೋಟ, ಇಲ್ಲಿ ಅಪ್ಪನ ಕಾಲದ ಮಂಡಿ. ಬಿಳಿ ಷರಟಿನ ತೋಳು ಮಡಿಸಿಕೊಂಡು ದಿನಾ ಬೆಳಿಗ್ಗೆ ಗುಂಡಿಯ ಅಂಚಿಗೆ ಬಂದು ನಿಲ್ಲುತ್ತಿದ್ದರು.

“ಮೇಡಮ್ಮೋರೆ, ಪೇಟೇಲಿ ಒಂದ್ ಬೈಕ್ ನಿಲ್ಸಕ್ ಜಾಗ ಇಲ್ಲ, ನೀವ್ ಗುಂಡಿ ತೋಡ್ತಾ ಇದೀರಲ್ಲ! ನೀರ್ ನಿಂತು ಸೊಳ್ಳೆ ಆದ್ರೆ ನೀವ್ ಬಂದ್ ಹೊಡೀತೀರಾ?”

“ನಿಲ್ಲಲ್ಲ ಯಜಮಾನ್ರೇ, ಇಂಗಿ ಹೋಗುತ್ತೆ.”

“ಎಲ್ಲಿಗ್ ಹೋಗುತ್ತೆ?”

“ಭೂಮಿ ಒಳಕ್ಕೆ.”

“ಓಹೋ, ನೋಡ್ಕಂಡ್ ಬಂದಿದೀರಾ?” ಎಂದು ಅವರು ಸುತ್ತ ನಿಂತವರ ಕಡೆ ನೋಡುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ನನ್ನ ಪರವಾಗಿ ಇದ್ದವಳು ಹೂವಿನಕ್ಕ ಒಬ್ಬಳೇ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವಳು. ಬೆಳಗಿನ ಬಸ್ಸಿಗೆ ಸೇವಂತಿಗೆ, ಕನಕಾಂಬರದ ಕುಕ್ಕೆ ಹೊತ್ತುಕೊಂಡು ಬಂದು ಬ್ಯಾಂಕಿನ ಪಕ್ಕ ಕೂರುತ್ತಿದ್ದಳು. ಮೆಟ್ಟಿಲು ಕಲ್ಲು ಕೂರಿಸಿದ ದಿನವೇ ಅವಳು ತನ್ನ ಕುಕ್ಕೆಯನ್ನು ಮೊದಲ ಮೆಟ್ಟಿಲಿಗೆ ಇಳಿಸಿಕೊಂಡು, “ತಣ್ಣಗೈತೆ ಕಣವ್ವ. ಅವ್ರ್ ಬಾಯಿ ಜೋರು ಅಷ್ಟೇಯ, ಹೊಟ್ಟೇಲೇನಿಲ್ಲ ಬುಡು” ಎಂದಳು. ಅವಳ ಮಾತನ್ನು ನಾನು ಪೂರ್ತಿ ನಂಬಲಿಲ್ಲ, ಆದರೂ ಅವತ್ತು ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಅಂಗಡಿಯವರೆಲ್ಲ ಸೇರಿ ಮನವಿ ಕೊಟ್ಟರು. ಗುಂಡಿ ಮುಚ್ಚಿ ಕಾಂಕ್ರೀಟ್ ಹಾಕಿ, ಪಾರ್ಕಿಂಗ್ ಮಾಡಿ ಎಂದು. ಕೆಲಸ ಕೊಟ್ಟ ಪಾಲಿಕೆಯವರು ನಡುದಾರಿ ಹಿಡಿದರು: ಮೊದಲ ದೊಡ್ಡ ಮಳೆ ಬರಲಿ, ಅದಾದ ಮೇಲೂ ಪೇಟೆಯವರು ಬೇಡ ಎಂದರೆ ಮುಚ್ಚಿಬಿಡೋಣ. ನನಗೆ ಅನ್ನ ಇಳಿಯದಾಯಿತು. ಬೇರೆ ಕೆಲಸಗಳಲ್ಲಿ ಯಾವುದೋ ಕಾರ್ಖಾನೆಯ ಗೇಟಿನ ಮುಂದೆ ಹುಲ್ಲು ಹಾಸಿದ್ದೆ, ಕಲ್ಯಾಣ ಮಂಟಪದ ಸುತ್ತ ಗಿಡ ನೆಟ್ಟಿದ್ದೆ. ಯಾರು ಬೇಕಾದರೂ ಕಾಸು ಕೊಡದೆ, ಕೇಳದೆ ಬಂದು ಕೂರಬಹುದಾದ ಜಾಗ ಅಂತ ನಾನು ಮಾಡಿದ್ದು ಇದೊಂದೇ. ಅದನ್ನು ಜಲ್ಲಿ ಸುರಿದು ಮುಚ್ಚುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಮಳೆ ಒಂದು ಮಧ್ಯಾಹ್ನ ಬಂತು. ದೇವರಾಯನದುರ್ಗದ ಕಡೆ ಕಪ್ಪಾದದ್ದನ್ನು ಆಫೀಸಿನ ಕಿಟಕಿಯಿಂದ ನೋಡಿ, ಛತ್ರಿ ಹಿಡಿದು ಓಡಿದೆ. ಪೇಟೆ ತಲುಪುವಷ್ಟರಲ್ಲಿ ಛತ್ರಿಯ ಕಡ್ಡಿಗಳು ಮೇಲಕ್ಕೆ ಮಗುಚಿಕೊಂಡಿದ್ದವು. ಜನರೆಲ್ಲ ಷಟರುಗಳ ಕೆಳಗೆ ಒತ್ತೊತ್ತಾಗಿ ನಿಂತಿದ್ದರು. ನಾನು ಎಟಿಎಂನ ಮೆಟ್ಟಿಲ ಮೇಲೆ ಜಾಗ ಹಿಡಿದೆ.

ಆಮೇಲೆ ನಡೆದದ್ದನ್ನು ನಾನೇ ಬಿಡಿಸಿದ ನಕ್ಷೆ ನನಗೆ ಹೇಳಿರಲಿಲ್ಲ. ಒಂದೊಂದು ತಾರಸಿಯ ಕೊಳವೆಯೂ ಗದ್ದಲ ಮಾಡುತ್ತಾ ಗುಂಡಿಯ ಕಡೆ ನೀರು ಉಗುಳುತ್ತಿತ್ತು. ಬೀದಿಯ ನೀರು ಲಾವಂಚದ ಸಾಲಿನೊಳಗೆ ನುಗ್ಗಿ, ಕೆಸರು ಅಲ್ಲೇ ಬಿಟ್ಟು, ತಿಳಿಯಾಗಿ ಆಚೆ ಬರುತ್ತಿತ್ತು. ತಳದ ಗರಿಕೆ ಮುಳುಗಿತು. ಕೆಳಗಿನ ಮೆಟ್ಟಿಲು ಮುಳುಗಿತು. ಅದರ ಮೇಲಿನದೂ ಮುಳುಗಿತು. ವರ್ಷ ವರ್ಷವೂ ಮಂಡಿಗಳ ಹೊಸಿಲು ದಾಟುತ್ತಿದ್ದ ನೀರೆಲ್ಲ, ಸಂಜೆ ಹಟ್ಟಿಗೆ ಬರುವ ದನಗಳ ಹಾಗೆ, ಯಾರೂ ಅಟ್ಟದೆ ತಾನಾಗಿ ಒಂದೇ ಕಡೆ ಬಂದು ಸೇರುತ್ತಿತ್ತು. ನಾನು ಇಷ್ಟು ವರ್ಷ ಇಳಿಜಾರು ಲೆಕ್ಕ ಹಾಕಿದವಳು. ಆದರೂ ನೀರಿಗೆ ದಾರಿ ಗೊತ್ತಿದೆ ಎನ್ನುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಹಳೆಯ ಗೋಡೌನು ಬರುವ ಮೊದಲು, ಪೇಟೆಯೇ ಬರುವ ಮೊದಲು, ಇದೇ ತಗ್ಗಿನಲ್ಲಿ ಇದೇ ನೀರು ಹೀಗೇ ಹೋಗಿರಬೇಕು.

ಮಳೆ ಸಣ್ಣದಾಗುವ ಹೊತ್ತಿಗೆ ನೀರು ಚಪ್ಪಡಿಯ ಮಟ್ಟಕ್ಕೆ ಬಂದು ನಿಂತಿತು. ತುಂಬಿ ತುಳುಕುವ ಮುಂಚೆ ನೀರು ಅಂಚಿನಲ್ಲಿ ಒಂದು ಕ್ಷಣ ಉಬ್ಬಿಕೊಂಡು ನಿಲ್ಲುತ್ತದೆ, ಹಾಗೆ ನಿಂತಿತು. ಆಮೇಲೆ ಕಲ್ಲಿನ ಉದ್ದಕ್ಕೂ ತೆಳ್ಳಗೆ ಹರಡಿ, ಒಂದೇ ಸಮನೆ ಮೋರಿಗೆ ಇಳಿಯತೊಡಗಿತು. ಆ ಸದ್ದಿಗೆ ಷಟರುಗಳ ಕೆಳಗಿನ ತಲೆಗಳೆಲ್ಲ ಇತ್ತ ತಿರುಗಿದವು.

“ಕೋಡಿ ಬಿತ್ತು!” ಎಂದಳು ಹೂವಿನಕ್ಕ.

ಆ ಮಾತು ಷಟರಿನಿಂದ ಷಟರಿಗೆ ಓಡಿತು. ಕೋಡಿ ಬಿತ್ತಂತೆ, ಕೋಡಿ ಬಿತ್ತಂತೆ. ಈ ಪೇಟೆಯಲ್ಲಿ ತಕ್ಕಡಿ ಹಿಡಿದವರು, ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಟ್ಯೂಷನ್ ಮೇಷ್ಟರುಗಳು, ಎಲ್ಲರ ಊರಿನಲ್ಲೂ ಒಂದು ಕೆರೆ ಇದೆ. ಕೆರೆ ತುಂಬಿ ಕೋಡಿಯಲ್ಲಿ ನೀರು ಹರಿದರೆ ಏನು ಮಾಡಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಂಡಿಯ ಯಜಮಾನರು ನೆನೆಯುತ್ತಲೇ ರಸ್ತೆ ದಾಟಿ ಬಂದರು. ಪ್ಯಾಂಟು ಮೊಣಕಾಲಿಗೆ ಮಡಿಸಿದ್ದರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಂಚಿನಲ್ಲಿ ನಿಂತು ನೀರಿಗೆ ಕೈ ಮುಗಿದರು. ಹಿಂದೆ ಬೈಕು ತಳ್ಳಿಕೊಂಡು ಬಂದ ಹುಡುಗರಿಗೆ, “ಏಯ್, ಚಪ್ಪಲಿ ಬಿಡ್ರೋ! ಗಂಗಮ್ಮ ಬಂದವ್ಳೆ, ಕಣ್ ಕಾಣಲ್ವಾ?” ಎಂದು ಗದರಿದರು.

ನಾನು ಎಟಿಎಂ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮಾರನೆಯ ಬೆಳಿಗ್ಗೆ ಪೇಟೆಗೆ ಪೇಟೆಯೇ ಸ್ನಾನ ಮಾಡಿ ಬಂದಿತ್ತು. ಯಜಮಾನರ ಹೆಂಡತಿ ಗುಬ್ಬಿಯಿಂದ ಮೊರದ ಬಾಗಿನ ತಂದಿದ್ದರು. ಮೊರದೊಳಗೆ ಅಕ್ಕಿ, ಬೇಳೆ, ಬಳೆ, ಕನ್ನಡಿ, ಅರಿಶಿನ ಕುಂಕುಮ, ರವಿಕೆ ಕಣ, ಮೇಲೆ ಮುಚ್ಚಲು ಇನ್ನೊಂದು ಮೊರ. ಬ್ಯಾಂಕಿನ ಹೆಣ್ಣುಮಕ್ಕಳು, ಬೇಳೆ ಆರಿಸುವವರು, ಟೈಲರಿಂಗ್ ಅಂಗಡಿಯವರು, ಎಲ್ಲರೂ ಮೆಟ್ಟಿಲಿಳಿದು ನೀರಿಗೆ ಸೆರಗು ತಾಗಿಸಿಕೊಂಡು ನಿಂತಿದ್ದರು. ಅಷ್ಟು ಸಣ್ಣ ನೀರಿನಲ್ಲಿ ಸುತ್ತಲಿನ ಕಟ್ಟಡಗಳೆಲ್ಲ ತಲೆಕೆಳಗಾಗಿ ಅಲುಗುತ್ತಿದ್ದವು. ನಾನು ನೀರು ಇಂಗಿಸಲು ಒಂದು ತಗ್ಗು ಮಾಡಿದ್ದೆ ಅಷ್ಟೆ. ಅವರು ಒಂದೇ ರಾತ್ರಿಯಲ್ಲಿ ಅದನ್ನು ಕೆರೆ ಮಾಡಿದ್ದರು. ಜಾಗವನ್ನು ಜನರದ್ದಾಗಿಸುವುದು ಹೇಗೆ ಎಂದು ನಾವು ಪುಟಗಟ್ಟಲೆ ಓದುತ್ತೇವೆ, ಇವರು ಅದನ್ನು ತಿಂಡಿಗೆ ಮುಂಚೆ ಮಾಡಿ ಮುಗಿಸಿದ್ದರು.

“ಮೇಡಮ್ಮೋರ್ ಎಲ್ಲಿ? ಕರೀರಿ ಅವ್ರನ್ನ, ಕಟ್ಟಿದೋರ್ ಮೊದ್ಲು ಬಾಗಿನ ಬಿಡ್ಬೇಕು” ಎಂದು ಯಜಮಾನರು ಕೂಗುವುದು ಕೇಳಿಸಿತು. ಅವರಿಗೆ ನನ್ನ ಮನೆಯ ವಿಷಯ ಗೊತ್ತಿರಲಿಲ್ಲ. ಬಾಗಿನ ಮುತ್ತೈದೆಯರು ಬಿಡುವುದು. ಯಾರೂ ಏನೂ ಅನ್ನುವ ಮೊದಲೇ ನಾನು ಫೋನನ್ನು ಕಿವಿಗೆ ಹಿಡಿದು, ಯಾರ ಜತೆಯೋ ಮಾತಾಡುವವಳಂತೆ ಬ್ಯಾಂಕಿನ ಮೂಲೆ ತಿರುಗಿದೆ. ಫೋನಿನಲ್ಲಿ ಯಾರೂ ಇರಲಿಲ್ಲ. ಹೂವಿನಕ್ಕ ಕುಕ್ಕೆಯ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಮನವಿ ಹಿಂದಕ್ಕೆ ಪಡೆದ ಸುದ್ದಿ ಅವತ್ತೇ ಬಂತು. ಸಂತೋಷದ ಜತೆಗೇ ಎದೆಯಲ್ಲಿ ಏನೋ ಒಂದು ಚುಚ್ಚಿಕೊಂಡೇ ಇತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನೀರು, ನಾನು ಹೇಳಿದಂತೆಯೇ, ಒಂದೆರಡು ದಿನದಲ್ಲಿ ಇಂಗಿ ಹೋಯಿತು. ಯಜಮಾನರ ಫೋನು ಬಂತು.

“ಮೇಡಮ್ಮೋರೆ, ನಮ್ ಕೆರೆ ಒಡೆದೋಗೈತೆ!”

“ಒಡೆದಿಲ್ಲ ಯಜಮಾನ್ರೇ, ಇಂಗಿದೆ. ಇಂಗ್ಲಿ ಅಂತಾನೇ ಮಾಡಿದ್ದು.”

“ಇಂಗಿದ್ರೆ ಕೆರೆ ಹೆಂಗಾಗುತ್ತೆ?”

ಆ ಮಳೆಗಾಲ ಒಳ್ಳೆಯದಿತ್ತು. ಮತ್ತೆ ಮತ್ತೆ ತುಂಬಿತು, ಮತ್ತೆ ಮತ್ತೆ ಖಾಲಿಯಾಯಿತು. ತುಂಬಿದಾಗಲೆಲ್ಲ ಯಜಮಾನರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು, ಖಾಲಿಯಾದಾಗಲೆಲ್ಲ ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರಂತೆ ಮುಖ ಮಾಡಿಕೊಂಡು ತಳವನ್ನು ನೋಡುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ನಾನು ಹೋದಾಗ ಗುಂಡಿಯ ಅಂಚಿನಲ್ಲಿ ಸಿಮೆಂಟು ಮೂಟೆಗಳನ್ನು ಪೇರಿಸಿದ್ದರು. ಗಾರೆಯವರು ಲಾವಂಚವನ್ನು ಕೀಳಲು ಗುದ್ದಲಿ ಹಿಡಿದು ನಿಂತಿದ್ದರು. ತಳಕ್ಕೆ ಗಟ್ಟಿಯಾಗಿ ಸಿಮೆಂಟು ಬಳಿದರೆ ಗಂಗಮ್ಮ ಇಲ್ಲೇ ನಿಲ್ಲುತ್ತಾಳೆ ಎಂದು ಪೇಟೆಯವರೆಲ್ಲ ಸೇರಿ ತರಿಸಿದ್ದರಂತೆ.

ದ್ವೇಷಕ್ಕಾದರೆ ನನ್ನ ಬಳಿ ಉತ್ತರವಿತ್ತು. ಈ ಪ್ರೀತಿಗೆ ಏನು ಹೇಳಲಿ? ಸಿಟ್ಟು ನೆತ್ತಿಗೇರಿತು. ಗುದ್ದಲಿಗೂ ಲಾವಂಚಕ್ಕೂ ನಡುವೆ ಇಳಿದು ನಿಂತೆ.

“ಅವತ್ತು ನೀರ್ ನಿಲ್ಲುತ್ತೆ ಅಂತ ಮುಚ್ಚಕ್ ಬಂದ್ರಿ. ಇವತ್ತು ನಿಲ್ಲಲ್ಲ ಅಂತ ಮುಚ್ಚಕ್ ಬಂದಿದೀರಾ? ಸಿಮೆಂಟ್ ಹಾಕಿದ್ರೆ ಇದು ಕೆರೆ ಆಗಲ್ಲ, ತೊಟ್ಟಿ ಆಗುತ್ತೆ. ಕೊಳೆತು ನಾರುತ್ತೆ!”

“ಹಂಗಾರೆ ನೀರ್ ಎಲ್ಲಿಗ್ ಹೋಯ್ತು? ತೋರ್ಸಿ ತಾಯಿ” ಎಂದರು ಯಜಮಾನರು. ಈ ಸಲ ಅವರು ಸುತ್ತ ನಿಂತವರ ಕಡೆ ನೋಡಲಿಲ್ಲ, ನಗಲೂ ಇಲ್ಲ. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. “ಬಾಗಿನ ಕೊಟ್ಟ ಮೇಲೂ ಗಂಗಮ್ಮ ನಿಲ್ಲಿಲ್ಲ ಅಂದ್ರೆ ನಮ್ ಕಡೆಯಿಂದ ಏನೋ ತಪ್ಪಾಗೈತೆ ಅಂತ್ಲೇ ಅರ್ಥ.”

ಎಲ್ಲಿಗೆ ಹೋಯಿತು? ನಕ್ಷೆಯಲ್ಲಿ ನೆಲದೊಳಕ್ಕೆ ಬಾಣದ ಗುರುತು ಎಳೆಯುವುದು ಸುಲಭ. ಆ ಬಾಣದ ತುದಿಯಲ್ಲಿ ಏನಿದೆ ಎಂದು ನಾನೂ ಕಂಡವಳಲ್ಲ. ಆಗ ನೆನಪಾಯಿತು. ಜಾಗ ಅಳೆಯಲು ಬಂದಿದ್ದಾಗ ಅವರ ಮಂಡಿಯ ಹಿತ್ತಿಲಲ್ಲಿ, ಖಾಲಿ ಗೋಣಿಚೀಲಗಳ ಅಡಿಯಲ್ಲಿ, ಚಪ್ಪಡಿ ಮುಚ್ಚಿದ ಬಾವಿ ಕಂಡಿದ್ದೆ.

“ನಿಮ್ ಹಿತ್ಲು ಬಾವಿ ತೆಗ್ಸಿ.”

“ಅದಾ? ನಮ್ಮಪ್ಪಾರು ಇದ್ದಾಗ್ಲೇ ಬತ್ತೋಗಿತ್ತು. ಬಗ್ಗಿ ನೋಡಿದ್ರೆ ಬರೀ ಕಲ್ಲು.”

“ತೆಗ್ಸಿ ನೋಡಿ. ನೀರಿಲ್ದಿದ್ರೆ ನಾನೇ ಸಿಮೆಂಟ್ ಕಲಸಿಕೊಡ್ತೀನಿ.”

ಬಾಯಿಂದ ಮಾತು ಬಿದ್ದ ಮೇಲೆ ಯೋಚನೆ ಬಂತು. ನೀರು ಆ ದಿಕ್ಕಿಗೇ ಹೋಗಬೇಕೆಂದು ಯಾವ ನಿಯಮವಿದೆ? ಹಿಂದಕ್ಕೆ ತೆಗೆದುಕೊಳ್ಳೋಣ ಎಂದರೆ ಹಮಾಲರು ಆಗಲೇ ಹಾರೆ ಹಿಡಿದು ಹಿತ್ತಿಲಿಗೆ ನಡೆದಿದ್ದರು. ಅರ್ಧ ಪೇಟೆ ಅವರ ಹಿಂದೆ ಹೊರಟಿತು.

ಗೋಣಿಚೀಲ ಸರಿಸಿದರು. ಚಪ್ಪಡಿಯ ಸಂದಿಗೆ ಹಾರೆ ಕೊಟ್ಟು, “ಹೈಸಾ” ಎಂದು ಮೀಟಿದರು. ಕಲ್ಲು ಗರಗರ ಎಂದು ಸರಿಯಿತು. ಒಳಗಿಂದ ತಂಪು ಗಾಳಿ ಬಂದು ಮುಖಕ್ಕೆ ತಾಗಿತು. ಅದರಲ್ಲಿ ಹಸಿ ಮಣ್ಣಿನ ವಾಸನೆ ಇತ್ತು. ಯಜಮಾನರು ಬಗ್ಗಿದರು, ನಾನೂ ಬಗ್ಗಿದೆ. ಮೊದಲು ಬರೀ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಆ ಕತ್ತಲೆಯಲ್ಲಿ ಒಂದು ತುಂಡು ಆಕಾಶ ಕಂಡಿತು. ಅದರ ಅಂಚಿನಲ್ಲಿ ನಮ್ಮ ತಲೆಗಳು.

ಯಜಮಾನರು ನಂಬಲಿಲ್ಲ. ಒಂದು ಚೂರು ಕಲ್ಲು ಆರಿಸಿ ಒಳಗೆ ಬಿಟ್ಟರು. ಡುಬುಕ್ ಎಂದಿತು. ಆಕಾಶ ಅಲುಗಾಡಿ, ಮತ್ತೆ ನಿಧಾನವಾಗಿ ಕೂಡಿಕೊಂಡಿತು. ಗುಂಡಿಗೂ ಈ ಬಾವಿಗೂ ನಡುವೆ ರಸ್ತೆ ಇದೆ, ಮೋರಿ ಇದೆ, ಅವರ ಮಂಡಿಯ ಅಡಿಪಾಯ ಇದೆ. ಅಷ್ಟನ್ನೂ ಅಡಿಯಿಂದ ದಾಟಿ, ಯಾರಿಗೂ ಕಾಣದೆ, ಯಾರನ್ನೂ ಕೇಳದೆ ನೀರು ತನ್ನ ಹಳೆಯ ಮನೆಗೆ ಹೋಗಿ ಸೇರಿತ್ತು. ಇದನ್ನು ನಾನು ಮಾಡಿದೆ ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ನಾನು ಒಂದು ಬಾಗಿಲು ತೆರೆದಿದ್ದೆ ಅಷ್ಟೆ. ಒಳಗೆ ಇಷ್ಟು ದೊಡ್ಡ ಮನೆ ಇದೆ ಎಂದು ನನಗೇನು ಗೊತ್ತಿತ್ತು?

“ಚಪ್ಪಲಿ ಬಿಡ್ರೋ” ಎಂದರು ಯಜಮಾನರು. ಈ ಸಲ ಕೂಗಲಿಲ್ಲ. ಪಕ್ಕದಲ್ಲಿದ್ದವರಿಗೆ ಕೇಳಿಸುವಷ್ಟೇ ಹೇಳಿದರು. ಆಮೇಲೆ ಗಾರೆಯವರ ಕಡೆ ತಿರುಗಿ, “ಆ ಮೂಟೆಗಳ್ನ ಅಂಗಡಿಗೆ ವಾಪಸ್ ಹಾಕ್ರಪ್ಪ” ಎಂದು ಪಂಚೆಯಂಚಿಗಾಗಿ ತಡಕಾಡಿದರು. ಪ್ಯಾಂಟು ಹಾಕಿದ್ದು ನೆನಪಾಗಿ ಷರಟಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡರು.

ನಾನು ಹೆಂಗಸರಿಗೆ ಜಾಗ ಬಿಟ್ಟು ಹಿಂದಕ್ಕೆ ಸರಿದೆ. ಅಭ್ಯಾಸ. ಬೆನ್ನಿಗೆ ಏನೋ ತಾಗಿತು. ಹೂವಿನಕ್ಕ ಕುಕ್ಕೆ ಸಮೇತ ದಾರಿಗೆ ಅಡ್ಡ ನಿಂತಿದ್ದಳು.

“ಎಲ್ಲಿಗವ್ವಾ? ಇವತ್ತೂ ಫೋನ್ ಬಂತಾ?”

ನಾನು ಪಕ್ಕದಿಂದ ನುಸುಳಲು ನೋಡಿದೆ, ಅವಳು ಕುಕ್ಕೆಯನ್ನೂ ಅತ್ತಲೇ ಸರಿಸಿದಳು.

“ಕೆರೆ ಕಟ್ಟಿದೋಳ್ನ ಬುಟ್ಟು ನಾವ್ ನಾವೇ ಬಾಗಿನ ಕೊಟ್ಕಂಡ್ವಿ. ಅದುಕ್ಕೇ ಗಂಗಮ್ಮ ಮುನಿಸ್ಕಂಡು ಇಲ್ಲಿ ಬಂದ್ ಕೂತವ್ಳೆ” ಎಂದಳು ಎಲ್ಲರಿಗೂ ಕೇಳುವಂತೆ. ಅವತ್ತೂ ಗುಬ್ಬಿಯಿಂದ ಬಂದಿದ್ದ ಯಜಮಾನರ ಹೆಂಡತಿ ನನ್ನ ಹಣೆಯನ್ನು ನೋಡಿದರು, ಹೂವಿನಕ್ಕನನ್ನು ನೋಡಿದರು, ಬಾವಿಯ ಕಟ್ಟೆಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.

“ಅಕ್ಕ, ನನ್ ಗಂಡ...” ಎಂದೆ.

“ನಂಗೊತ್ತಿಲ್ವಾ? ನಂದೂ ಅದೇ ಪಾಡು. ದಿನಾ ದೇವ್ರಿಗ್ ಹೋಗೋ ಹೂವ ನಾನೇ ಕಟ್ತೀನಲ್ಲ, ಯಾವ್ ದೇವ್ರೂ ವಾಪಸ್ ಕಳ್ಸಿಲ್ಲ. ಬಿಡು, ನೀರ್ಗೆ ಬಿಡು.”

ಅವಳು ನನ್ನ ಬೊಗಸೆಗೆ ಸೇವಂತಿಗೆ ಸುರಿದಳು. ನಾನು ಕಟ್ಟೆಯ ಮೇಲೆ ಬಗ್ಗಿ ಬೊಗಸೆ ತೆರೆದೆ. ಹೂವುಗಳು ಆ ಕಪ್ಪು ಆಕಾಶದ ಮೇಲೆ ಬಿದ್ದು ತೇಲತೊಡಗಿದವು. ಹಿಂದೆ ಯಾರೋ ಬಳೆಯ ಕೈಯಲ್ಲಿ ನನ್ನ ಸೆರಗು ನೀರಿಗೆ ಬೀಳದಂತೆ ಹಿಡಿದುಕೊಂಡಿದ್ದರು. ನಾನು ಗಟ್ಟಿಯಾಗಿ ಅತ್ತೆ. ಬಾವಿ ಅದನ್ನು ಇನ್ನೂ ಗಟ್ಟಿಯಾಗಿ ತಿರುಗಿ ಹೇಳಿತು, ಅದಕ್ಕೆ ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವತ್ತು ಬಸ್ ಸ್ಟ್ಯಾಂಡಿನವರೆಗೂ ನಡೆದುಬಂದು, ಬಿಸಿ ಟಾರಿಗೆ ಪಾದ ಸುಟ್ಟಾಗಲೇ ಗೊತ್ತಾದದ್ದು, ಚಪ್ಪಲಿಯನ್ನು ಬಾವಿಯ ಹತ್ತಿರವೇ ಬಿಟ್ಟು ಬಂದಿದ್ದೆ.